ನಾಲ್ಕಡಿ ಕಡಲಿನ ಜಮಾಖರ್ಚು

ಮನೆಯಲ್ಲಿ ಹವಳದ ಅಕ್ವೇರಿಯಂ ಇಡುವ ಮಾತು ತೆಗೆದರೆ ಕರಾವಳಿಯಲ್ಲಿ ಮೊದಲು ಸಿಗುವ ಸಲಹೆ ಒಂದೇ: ಮಲ್ಪೆಗೋ ಪಣಂಬೂರಿಗೋ ಹೋಗಿ ನಾಲ್ಕು ಕ್ಯಾನು ನೀರು ತುಂಬಿಸಿಕೊಂಡು ಬಂದರಾಯಿತು, ಕಡಲು ಬಿಟ್ಟಿಯಾಗಿಯೇ ಇದೆಯಲ್ಲ! ಬಿಟ್ಟಿ ಇರುವುದು ನಿಜ. ಆದರೆ ದಡದ ನೀರು ಬೇರೆ, ಹವಳ ಬಯಸುವ ನೀರು ಬೇರೆ. ಮಳೆಗಾಲದಲ್ಲಿ ನೇತ್ರಾವತಿ, ಸ್ವರ್ಣಾ, ಸೀತಾ ಹೊಳೆಗಳು ತಂದು ಸುರಿಯುವ ಸಿಹಿನೀರು ದಡದ ಉಪ್ಪನ್ನು ತೆಳುವಾಗಿಸುತ್ತದೆ, ಜೊತೆಗೆ ಕೆಸರು. ಬಂದರಿನ ಹತ್ತಿರವಾದರೆ ಮೇಲೆ ಡೀಸೆಲ್ಲಿನ ಪೊರೆ. ಕ್ಯಾನಿನ ಕತ್ತಲೆಯಲ್ಲಿ ಕೂತ ನೀರಿನ ಪ್ಲಾಂಕ್ಟನ್ ಸತ್ತು ಮನೆ ತಲುಪುವ ಹೊತ್ತಿಗೆ ಕೊಳೆಯಲು ಶುರುವಾಗಿರುತ್ತದೆ. ನಮ್ಮ ತೀರದಲ್ಲಿ ಹವಳ ನೋಡಬೇಕೆಂದರೆ ದೋಣಿ ಹತ್ತಿ ಮುರುಡೇಶ್ವರದಾಚೆಯ ನೇತ್ರಾಣಿಯಂಥ ದ್ವೀಪಕ್ಕೆ ಹೋಗುವುದು ಸುಮ್ಮನೆ ಅಲ್ಲ.

ಹವಳದ ದಿಬ್ಬದ ಮೇಲಿನ ನೀರಿನ ದೊಡ್ಡ ಗುಣ ಎಂದರೆ ಅದು ಬದಲಾಗುವುದಿಲ್ಲ. ಕಿಲೋ ನೀರಿಗೆ 35 ಗ್ರಾಂ ಆಸುಪಾಸಿನ ಉಪ್ಪು, ಲೀಟರಿಗೆ 400 ಮಿಲಿಗ್ರಾಂ ಚಿಲ್ಲರೆ ಕ್ಯಾಲ್ಸಿಯಂ, 1,300ರ ಹತ್ತಿರ ಮೆಗ್ನೀಸಿಯಂ, 8.1ರಿಂದ 8.2ರ ಪಿಎಚ್. ಒಂದು ಮೀನು ಸತ್ತರೂ ನೂರು ಸತ್ತರೂ ಈ ಅಂಕಿಗಳು ಅಲುಗುವುದಿಲ್ಲ. ಅದೇ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಪೆಟ್ಟಿಗೆಯಲ್ಲಿ ಕಲ್ಲು, ಮರಳು ಕಳೆದು ಉಳಿಯುವುದು ಸುಮಾರು 200 ಲೀಟರ್. ಅಲ್ಲಿ ಕಲ್ಲಿನ ಹಿಂದೆ ಒಂದು ಮೀನು ಸತ್ತು ಬಿದ್ದರೆ ಎರಡು ದಿನದಲ್ಲಿ ಇಡೀ ಪೆಟ್ಟಿಗೆಗೆ ಸುದ್ದಿ ಮುಟ್ಟುತ್ತದೆ. ಕಡಲಿನ ಗಾತ್ರವೇ ಮಾಡಿಕೊಂಡು ಬಂದ ಕೆಲಸವನ್ನು ಪಂಪು, ದೀಪ ಮತ್ತು ಪರೀಕ್ಷೆಯ ಬಾಟಲಿಗಳಿಂದ ಮಾಡಿಸುವ ಯಂತ್ರ ಇದು. ಹಾಗಾಗಿ ‘ಮೊದಲು ಚಿಕ್ಕದೊಂದು ಇಟ್ಟು ನೋಡೋಣ’ ಎಂಬ ಎಲ್ಲೆಡೆ ಸಲ್ಲುವ ಬುದ್ಧಿವಾದ ಇಲ್ಲಿ ತಿರುಗುಮುರುಗು. ಟ್ಯಾಂಕ್ ಚಿಕ್ಕದಾದಷ್ಟೂ ಏರುಪೇರು ಜಾಸ್ತಿ.

ಯಂತ್ರದ ಮೊದಲ ಮೋಟಾರು ಮನೆಗೆಲಸದಾಕೆಯೊಬ್ಬಳ ರಟ್ಟೆ. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕೀ ಕಡಲತೀರದಿಂದ ಒಂದಿಷ್ಟು ಕಲ್ಲುಹವಳಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ನೀರಿಗೆ ಗಾಳಿ ಬೆರೆಯಲೆಂದು ಕೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಮರುವರ್ಷ ಕಡಲಪಾಚಿಯನ್ನೂ ಜೊತೆಗಿಟ್ಟರು. ಹವಳಗಳು ಬದುಕಿದವು. ಆದರೆ ಅವು ತಣ್ಣೀರಿನ ಗಟ್ಟಿ ಜೀವಗಳು. ಉಷ್ಣವಲಯದ ಹವಳವನ್ನು ಮನೆಯಲ್ಲಿ ಉಳಿಸಿಕೊಂಡ ಹೆಸರು ಜಕಾರ್ತದ ಲೀ ಚಿನ್ ಎಂಗ್ ಅವರದು. 1961ರಲ್ಲಿ ಅವರು ಬರೆದ ವಿಧಾನದಲ್ಲಿ ಇದ್ದದ್ದು ಕಡಲಿನಿಂದ ಎತ್ತಿ ತಂದ ಜೀವಂತ ಕಲ್ಲು, ಹೊಸ ಕಡಲನೀರು, ಬಿಸಿಲು, ಸ್ವಲ್ಪ ಗಾಳಿಗುಳ್ಳೆ, ಅಷ್ಟೇ. ಕಡಲು ಪಕ್ಕದಲ್ಲೇ ಇದ್ದು, ಬಿಸಿಲು ವರ್ಷವಿಡೀ ಬೀಳುವ ಊರಿನಲ್ಲಿ ಅದು ನಡೆಯಿತು. ಎರಡೂ ಇಲ್ಲದ ಯುರೋಪಿನವರು ಮುಂದೆ ಒಂದೊಂದಕ್ಕೂ ಒಂದೊಂದು ಉಪಕರಣ ಹುಡುಕಬೇಕಾಯಿತು. ಇಂದಿನ ಮನೆ ಟ್ಯಾಂಕು ಹೆಚ್ಚಾಗಿ ಆ ಹುಡುಕಾಟದ ಕೂಸು.

ನೀರಿನಿಂದ ಶುರು ಮಾಡೋಣ. ಅಡುಗೆ ಉಪ್ಪಿನಿಂದ ಕಡಲಾಗದು, ಏಕೆಂದರೆ ಅದು ಸೋಡಿಯಂ ಕ್ಲೋರೈಡ್ ಮಾತ್ರ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸ್ಟ್ರಾನ್ಷಿಯಂ ಎಲ್ಲ ಲೆಕ್ಕದಂತೆ ಬೆರೆಸಿದ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ, 200 ಲೀಟರಿಗೆ ಏಳು ಕಿಲೋ ಮೇಲೆಯೇ ಬೇಕು. ಕರಗಿಸುವುದಕ್ಕೆ ಬೋರ್‌ವೆಲ್ ನೀರು ಬೇಡ, ನಲ್ಲಿಯ ಕ್ಲೋರಿನ್ ನೀರೂ ಬೇಡ. ಆರ್.ಒ. ದಾಟಿ ರಾಳದ ಸೋಸುಕವನ್ನೂ ದಾಟಿದ ನೀರೇ ಆಗಬೇಕು. ಹಳೆಯ ಕೊಳಾಯಿಯಿಂದ ಬಂದ ಲವಲೇಶ ತಾಮ್ರವನ್ನು ಮೀನು ಸಹಿಸಿಕೊಂಡೀತು, ಹವಳ ಮತ್ತು ಸೀಗಡಿ ಸಹಿಸವು. ಇನ್ನು ದಿನಚರಿಯ ಮಾತು: ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಲೀಟರ್ ಆರಿ ಹೋಯಿತೆಂದುಕೊಳ್ಳಿ. ಹಾಗೇ ಬಿಟ್ಟರೆ ವಾರದೊಳಗೆ 35 ಇದ್ದ ಉಪ್ಪು 40 ದಾಟುತ್ತದೆ. ಆದ್ದರಿಂದ ಆರಿದ್ದನ್ನು ದಿನವೂ ತುಂಬಿಸಬೇಕು, ಅದೂ ಸಿಹಿನೀರಿನಿಂದ.

ಮುಂದಿನದು ತಾಳ್ಮೆಯ ಭಾಗ, ಹೆಚ್ಚಿನವರು ಸೋಲುವುದೂ ಇಲ್ಲೇ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏರುವುದರಿಂದ ಸಿಹಿನೀರಿನ ತೊಟ್ಟಿಯಲ್ಲಿ ದಾಟಿಹೋಗುವ ಪ್ರಮಾಣ ಕಡಲನೀರಿನಲ್ಲಿ ಕೊಲ್ಲಬಲ್ಲದು. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಎರಡೂ ನಿಧಾನವಾಗಿ ಬೆಳೆಯುವ ಜಾತಿ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ದೀಪ ಉರಿಯುತ್ತದೆ, ಪಂಪು ತಿರುಗುತ್ತದೆ, ಒಳಗೆ ನೋಡಲು ಒಂದು ಬಾಲವೂ ಇಲ್ಲ. ಮನೆಗೆ ಬಂದ ನೆಂಟರು ‘ಮೀನೆಲ್ಲಿ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಾಚಿ ಮೂರನೇ ದಿನವೇ ಮೀನು ತಂದು ಬಿಟ್ಟವರ ಕಥೆ ಊರೂರಲ್ಲೂ ಒಂದೇ.

ಲೀ ಚಿನ್ ಎಂಗ್ ಅವರ ಜೀವಂತ ಕಲ್ಲು ಗೆದ್ದದ್ದು ಈ ಸೂಕ್ಷ್ಮಜೀವಿಗಳಿಂದಲೇ. ಕಲ್ಲು ಎಂದರೆ ಹಳೆಯ ಹವಳದ ತೂತುತೂತಾದ ಅಸ್ಥಿ. ಹೊರಮೈಯಲ್ಲಿ ಆಮ್ಲಜನಕ ಬೇಕಾದವು, ಆಮ್ಲಜನಕ ತಲುಪದ ಒಳಗಿನ ತೂತುಗಳಲ್ಲಿ ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಹೊರಗಟ್ಟುವವು. ಈ ಸೂಕ್ಷ್ಮಜೀವಿಗಳು ನೆಲೆಯೂರಿದ ಬಳಿಕ ಕಂದು ಪೊರೆ, ಹಸಿರು ಕೂದಲು, ಕೆಂಪು ಲೋಳೆ ಎಂದು ಸರದಿಯ ಮೇಲೆ ಪಾಚಿ ಬರುತ್ತದೆ. ಗಾಬರಿಬಿದ್ದು ಔಷಧಿ ಸುರಿಯದೆ ಇದ್ದರೆ ಹೆಚ್ಚಿನ ಟ್ಯಾಂಕುಗಳಲ್ಲಿ ಅದು ತಾನಾಗಿ ಹಿಂದೆ ಸರಿಯುತ್ತದೆ. ನೀರನ್ನು ಪೂರ್ತಿ ‘ಶುದ್ಧ’ ಮಾಡುವ ಹಟವೂ ಬೇಡ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದರೆ ಹವಳ ಹಸಿವಿನಿಂದ ಬಿಳಿಚಿಕೊಳ್ಳುತ್ತದೆ.

ಟ್ಯಾಂಕಿನ ಕೆಳಗಿನ ಸಂಪಿನಲ್ಲಿ ಕೂರುವ ಪ್ರೋಟೀನ್ ಸ್ಕಿಮ್ಮರ್ ನನಗೆ ಈ ಇಡೀ ಯಂತ್ರದಲ್ಲಿ ಅತಿ ಇಷ್ಟದ ಭಾಗ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಕೊಳೆಯನ್ನೆಲ್ಲ ಎಳೆದುಕೊಂಡು ಏಳುವ ನೊರೆಯನ್ನು ಜಾಲರಿಯಲ್ಲಿ ತೆಗೆಯುತ್ತಾರಲ್ಲ, ಅದೇ ಕೆಲಸವನ್ನು ಇದು ಬೆಂಕಿಯಿಲ್ಲದೆ ಮಾಡುತ್ತದೆ. ಉದ್ದನೆಯ ಕೊಳವೆಯೊಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳನ್ನು ನುಗ್ಗಿಸುತ್ತಾರೆ. ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರದಿಂದ ಕರಗಿ ಬಂದ ಪ್ರೋಟೀನ್, ಜಿಡ್ಡಿನ ಅಣುಗಳಿಗೆ ನೀರನ್ನು ಒಲ್ಲದ ಒಂದು ತುದಿ ಇರುತ್ತದೆ. ಆ ತುದಿ ಗುಳ್ಳೆಯ ಗಾಳಿಗೆ ಅಂಟಿಕೊಂಡು ಮೇಲೇರಿ ಬಟ್ಟಲಿನಲ್ಲಿ ಕಡುಗಂದು ರಸವಾಗಿ ಶೇಖರವಾಗುತ್ತದೆ. ವಾಸನೆಯನ್ನು ವರ್ಣಿಸುವುದಿಲ್ಲ. ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗದೆ ಸಣ್ಣದಾಗಿಯೇ ಉಳಿಯುವುದರಿಂದ ಉಪಾಯ ಫಲಿಸುತ್ತದೆ. ಸಿಹಿನೀರಿನ ತೊಟ್ಟಿಗೆ ಇಟ್ಟರೆ ಸ್ಕಿಮ್ಮರ್ ಸುಮ್ಮನೆ ಗುಳುಗುಳು ಎನ್ನುತ್ತದೆ. ಗಾಳಿ ಜೋರಾದ ದಿನ ಕಡಲದಡದಲ್ಲಿ ರಾಶಿಬೀಳುವ ನೊರೆಯೂ ಇದೇ ಪ್ರಕ್ರಿಯೆಯದು.

ಈಗ ಸುಣ್ಣದ ವಿಚಾರ. ಕಲ್ಲುಹವಳ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ಹೀರಿ ತನ್ನ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲನ್ನು ಕಟ್ಟುತ್ತದೆ. ಹೀಗೆ ಕಟ್ಟುತ್ತಲೇ ಹೋದರೆ 200 ಲೀಟರ್ ನೀರಿನಲ್ಲಿ ಅವೆರಡೂ ಬರಿದಾಗುತ್ತವೆ. ಭರ್ತಿ ಮಾಡುವುದು ಹೇಗೆ? 1970ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಪೀಟರ್ ವಿಲ್ಕೆನ್ಸ್ ಪ್ರಚಾರಕ್ಕೆ ತಂದ ಉಪಾಯ ನಮಗೆ ಚಿರಪರಿಚಿತ ವಸ್ತುವಿನದು: ಸುಣ್ಣದ ತಿಳಿ. ಸುಣ್ಣವನ್ನು ಶುದ್ಧ ನೀರಿನಲ್ಲಿ ಕಲಕಿ, ಗಷ್ಟು ತಳಕ್ಕೆ ಕೂತ ಮೇಲೆ ಉಳಿಯುವ ತಿಳಿನೀರಿನ ಲೀಟರಿನಲ್ಲಿ ಸುಮಾರು 800 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆವಿಯಾದ ನೀರಿನ ಬದಲಿಗೆ ಇದನ್ನೇ ರಾತ್ರಿಯಿಡೀ ತೊಟ್ಟು ತೊಟ್ಟಾಗಿ ಇಳಿಬಿಟ್ಟರೆ ಒಂದೇ ಏಟಿಗೆ ಎರಡು ಕೆಲಸ. ಅವಸರಪಟ್ಟು ಒಮ್ಮೆಲೇ ಸುರಿದರೆ ಮಾತ್ರ ಕೆಟ್ಟಿತು. ತಿಳಿಯ ಪಿಎಚ್ 12ರ ಮೇಲಿದ್ದು ಮೀನಿನ ಕಿವಿರು ಸುಟ್ಟುಹೋಗುತ್ತದೆ.

ನೀರಿಗಿಳಿದ ಸುಣ್ಣ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿದು ಬೈಕಾರ್ಬೊನೇಟ್ ಆಗುತ್ತದೆ, ಹವಳ ಅದನ್ನು ಮತ್ತೆ ಕಲ್ಲಾಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಮರುವಾಯಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವವರು ಓಡಿಸುವುದು ಇದೇ ರಸಾಯನವನ್ನು, ಹಿಂದುಮುಂದಾಗಿ. ಅವರು ಕಾರ್ಬೊನೇಟಿನಿಂದ ಅನಿಲವನ್ನು ಹೊರಗೋಡಿಸುತ್ತಾರೆ, ಹವಳ ಅದನ್ನು ಕೂಡಿಸಿಕೊಳ್ಳುತ್ತದೆ. ಹಾಗೆಂದು ಎಲೆ ಅಡಿಕೆಯ ಡಬ್ಬಿಯಿಂದ ತೆಗೆದು ಹಾಕಬೇಡಿ, ಅದರಲ್ಲಿ ಬೇರೆ ಏನೇನು ಬೆರೆತಿದೆಯೋ.

ಇದೇ ಅನಿಲ ಇನ್ನೊಂದು ಚೇಷ್ಟೆ ಮಾಡುತ್ತದೆ. ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಕೂತು ಉಸಿರಾಡಿದರೆ ಟ್ಯಾಂಕಿನ ಪಿಎಚ್ ಇಳಿಯುತ್ತದೆ. ಹಬ್ಬಕ್ಕೆ ನೆಂಟರು ತುಂಬಿದ ಮನೆಯಲ್ಲಿ ಕಾರಣ ಗೊತ್ತಾಗದೆ ರಾಸಾಯನಿಕದ ಬಾಟಲಿಗೆ ಕೈಹಾಕುವ ಬದಲು ಕಿಟಕಿ ತೆರೆದರೆ ಸಾಕು.

ದೀಪದ ಬಗ್ಗೆ ಕಡಿಮೆ ಹೇಳಿದರೂ ನಡೆದೀತು. ದಿಬ್ಬದ ಹವಳಗಳ ಮೈಯೊಳಗೆ ಏಕಕೋಶದ ಪಾಚಿ ವಾಸಿಸುತ್ತದೆ, ಹವಳದ ಊಟದ ಬಹುಪಾಲು ಅದು ಬೆಳಕಿನಿಂದ ತಯಾರಿಸುವ ಸಕ್ಕರೆ. ನೀರು ಕೆಂಪು ಬೆಳಕನ್ನು ಮೇಲ್ಭಾಗದಲ್ಲೇ ನುಂಗಿ ನೀಲಿಯನ್ನು ಕೆಳಗೆ ಬಿಡುವುದರಿಂದ ಈ ಪಾಚಿ ನೀಲಿಗೆ ಒಗ್ಗಿಕೊಂಡಿದೆ. ಅದಕ್ಕೇ ಹವಳದ ಟ್ಯಾಂಕುಗಳ ಎಲ್ಇಡಿ ನೀಲಿ. ಆ ಬೆಳಕಿನಲ್ಲಿ ಕೆಲವು ಹವಳಗಳು ಹಸಿರು, ಕೆಂಪಾಗಿ ಹೊಳೆಯುತ್ತವೆ. 1999ರಲ್ಲಿ ರಷ್ಯಾದ ವಿಜ್ಞಾನಿಗಳು ಡಿಸ್ಕೊಸೋಮ ಎಂಬ ಅಣಬೆ ಹವಳದಿಂದ ಕೆಂಪು ಹೊಳಪಿನ ಪ್ರೋಟೀನನ್ನು ಬೇರ್ಪಡಿಸಿದರು. ಜೀವಕೋಶದ ಒಳಗೆ ಏನು ಎಲ್ಲಿ ಓಡಾಡುತ್ತಿದೆ ಎಂದು ತೋರಿಸಲು ಇಂದು ಪ್ರಯೋಗಾಲಯಗಳು ಬಳಸುವ ಹಲವು ಕೆಂಪು ಗುರುತುಗಳು ಅದರ ಸಂತಾನ. ಆ ಹವಳ ಅವರಿಗೆ ಸಿಕ್ಕಿದ್ದು ಮಾಸ್ಕೋದ ಅಕ್ವೇರಿಯಂ ಒಂದರಲ್ಲಿ.

ನಮ್ಮಲ್ಲಿ ಖರ್ಚು ಏರಿಸುವುದು ಸೆಕೆ. 25–26 ಡಿಗ್ರಿಯಲ್ಲಿ ಸುಖವಾಗಿರುವ ಹವಳ 30 ದಾಟಿ ಅಲ್ಲೇ ನಿಂತರೆ ತನ್ನ ಪಾಚಿಯನ್ನು ಹೊರಗಟ್ಟಿ ಬಿಳಿಯಾಗುತ್ತದೆ. ಮಂಗಳೂರಿನ ಏಪ್ರಿಲಿನಲ್ಲಿ ಚಿಲ್ಲರ್ ಇಲ್ಲದೆ ನಡೆಯದು. ಕರೆಂಟು ಹೋದರೆ ಮೊದಲು ಕೊಲ್ಲುವುದು ಸೆಕೆ ಅಲ್ಲ, ಉಸಿರುಕಟ್ಟುವಿಕೆ. ಬೆಚ್ಚನೆಯ ಉಪ್ಪುನೀರು ಆಮ್ಲಜನಕವನ್ನು ಹಿಡಿಯುವುದೇ ಕಡಿಮೆ, ಅಲೆ ನಿಂತರೆ ಕೆಲವು ಗಂಟೆಗಳಲ್ಲಿ ಅದೂ ಖಾಲಿ. ಯುಪಿಎಸ್‌ಗೆ ದೀಪ ಜೋಡಿಸುವುದು ಬೇಡ, ಅಲೆ ಎಬ್ಬಿಸುವ ಒಂದು ಪಂಪು ಜೋಡಿಸಿ.

ಇನ್ನು ಏನು ಸಾಕುವುದು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲುಹವಳ, ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆ, ಕಡಲಕುದುರೆಗಳೆಲ್ಲ ಸೇರಿದವು. ಹುಲಿ ಇರುವ ಪಟ್ಟಿ ಅದು. ನಮ್ಮ ಕಡಲಿನ ಹವಳವನ್ನು, ಸತ್ತ ತುಂಡನ್ನು ಕೂಡ, ಹೆಕ್ಕಿ ತಂದು ಟ್ಯಾಂಕಿಗೆ ಹಾಕುವುದು ಅಪರಾಧ. ‘ಲಕ್ಷದ್ವೀಪದ ಲೈವ್ ರಾಕ್’ ಎಂದು ಪಿಸುಗುಟ್ಟುವ ಅಂಗಡಿಯಿಂದ ಎದ್ದು ಬನ್ನಿ. ಕೃತಕ ಕಲ್ಲಿಗೆ ಬ್ಯಾಕ್ಟೀರಿಯಾ ಹತ್ತಿಸುವುದಕ್ಕೆ ತಿಂಗಳುಗಟ್ಟಲೆ ಹೆಚ್ಚು ಹಿಡಿಯುತ್ತದೆ, ಆದರೆ ಕೆಲಸ ಅದೇ. ಅದರ ಮೇಲೆ ಕಾಗದಪತ್ರ ಸರಿಯಿರುವ, ಸಾಕಿ ಬೆಳೆಸಿದ ಮೃದುಹವಳಗಳು ನನ್ನ ಆಯ್ಕೆ. ಕಲ್ಲು ಕಟ್ಟುವ ಹಂಗು ಅವಕ್ಕೆ ಕಡಿಮೆ, ಸುಣ್ಣದ ಲೆಕ್ಕವೂ ಹಗುರ.

ಅಂಗಡಿಯಲ್ಲಿ ಸುಲಭದ್ದು ಎಂದು ಕೊಡುವ ಗುಂಡಿಯಾಕಾರದ ಬಣ್ಣಬಣ್ಣದ ಜೊಆಂಥಿಡ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ. ಇವುಗಳ ಪೈಕಿ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಇದೆ. ಹವಾಯಿಯಲ್ಲಿ 1971ರಲ್ಲಿ ಮೊದಲು ಬೇರ್ಪಡಿಸಿದ ಇದು ನಿಸರ್ಗದ ಅತಿ ಉಗ್ರ ವಿಷಗಳಲ್ಲೊಂದು. ಇವು ಅಂಟಿರುವ ಕಲ್ಲನ್ನು ಸ್ವಚ್ಛ ಮಾಡಲೆಂದು ಬಿಸಿನೀರಲ್ಲಿ ಕುದಿಸಿ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕುದಿಸಬೇಡಿ, ಉಜ್ಜಬೇಡಿ, ಕೈಗವಸು ಕನ್ನಡಕ ಇಲ್ಲದೆ ಮುಟ್ಟಬೇಡಿ.

ಮೀನಿಗೆ ಕ್ಲೌನ್ ಮೀನು ಒಳ್ಳೆಯದು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಲವು ಜಾತಿಯ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನ ರೂಪಿಸಿದೆ, ಹಾಗಾಗಿ ಕಡಲಿನಿಂದ ಹಿಡಿದದ್ದನ್ನು ಕೊಳ್ಳಲು ನೆಪವಿಲ್ಲ. ಗಂಡು ಹೆಣ್ಣು ಜೋಡಿಯೆಂದು ಹೆಚ್ಚು ಬೆಲೆ ಹೇಳಿದರೆ ಮರುಳಾಗಬೇಡಿ. ಇವು ಬೆಳೆಯುವುದು ಗಂಡಾಗಿ. ಎರಡು ಮರಿ ತಂದು ಬಿಟ್ಟರೆ ದೊಡ್ಡದು ಯಜಮಾನಿಕೆ ಹಿಡಿದು ಹೆಣ್ಣಾಗುತ್ತದೆ, ಚಿಕ್ಕದು ಗಂಡಾಗಿ ಉಳಿಯುತ್ತದೆ. ಟ್ಯಾಂಕ್ ಹೊಂದಿಕೊಂಡರೆ ಒಂದು ದಿನ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆ, ರೆಕ್ಕೆ ಬೀಸುತ್ತ ಕಾವಲು ನಿಂತ ಅಪ್ಪ. ವಾರದ ಸುಮಾರಿಗೆ ಮರಿ ಹೊರಬೀಳುತ್ತವೆ. ಅವನ್ನು ಉಳಿಸಿಕೊಳ್ಳಲು ಬೇರೆ ತೊಟ್ಟಿ ಬೇಕು, ಅವು ತಿನ್ನಲು ರೋಟಿಫರ್ ಬೇಕು, ರೋಟಿಫರ್ ತಿನ್ನಲು ಹಸಿರು ಪಾಚಿಯ ನೀರು ಬೇಕು. ಪಡಸಾಲೆಯ ಸೋಫಾ ಮಹಡಿಗೆ ಹೋಗುವುದು ಸಾಮಾನ್ಯವಾಗಿ ಈ ಹಂತದಲ್ಲಿ.