ಮಲ್ಲಯ್ಯನ ಬೆಟ್ಟದ ದಾರಿ: ದಾಸೋಹದ ಜೊತೆಗೆ ದಾರಿಯ ರಕ್ಷಣೆಯೂ ಸೇವೆಯೇ

ಯುಗಾದಿ ಸಮೀಪಿಸಿತೆಂದರೆ ಜಮಖಂಡಿ, ಹುನ್ನೂರ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಶ್ರೀಶೈಲ ಪಾದಯಾತ್ರೆಯ ಸಿದ್ಧತೆ ಆರಂಭವಾಗುತ್ತದೆ. ಕಂಬಿ ಹೊತ್ತವರು, ಮರಗಾಲು ಕಟ್ಟಿ ನಡೆಯುವವರು, ಭ್ರಮರಾಂಬೆಯನ್ನು ಮನೆಮಗಳೆಂದು ಭಾವಿಸಿ ಸೀರೆ, ಅರಿಷಿಣ, ಕುಂಕುಮ ಒಯ್ಯುವವರು ನೂರಾರು ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸುತ್ತಾರೆ. ದಾರಿಯುದ್ದಕ್ಕೂ ಅವರಿಗೆ ಅನ್ನ, ನೀರು, ಔಷಧ ಒದಗಿಸುವ ದಾಸೋಹದಲ್ಲಿ ನಮ್ಮ ಭಾಗದ ವರ್ತಕರು, ನೇಕಾರರು, ಗಿರಣಿ ಮಾಲೀಕರ ಪಾಲು ದೊಡ್ಡದು. ಆದರೆ ನಡೆಯುವವನಿಗೆ ಸಲ್ಲುವ ಈ ಕಾಳಜಿ ನಡೆಯುವ ದಾರಿಗೂ ಸಲ್ಲುತ್ತಿದೆಯೇ ಎಂಬುದು ವಿಚಾರಾರ್ಹ ಸಂಗತಿ.

ಹಳೆಯ ದಾರಿ, ಹೊಸ ಭಾರ

ಪಾದಯಾತ್ರೆಯ ಕೊನೆಯ ಘಟ್ಟ ನಲ್ಲಮಲ ಬೆಟ್ಟಗಳದ್ದು. ಆತ್ಮಕೂರಿನ ಕಡೆಯಿಂದ ವೆಂಕಟಾಪುರಕ್ಕೆ ಬಂದ ಭಕ್ತರು ಅಲ್ಲಿಂದ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ದಾಟಿ ಕೈಲಾಸ ದ್ವಾರವನ್ನು ಏರುತ್ತಾರೆ. ಶ್ರೀಶೈಲದ ಏರುದಾರಿಗಳಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನದು. ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿಯೂ ಇಲ್ಲಿ ಮಂಟಪ, ಸೋಪಾನಗಳ ನಿರ್ಮಾಣ ನಡೆಯಿತು. ಅಂದು ದೇವಸ್ಥಾನ ಕಟ್ಟಿಸುವುದರಂತೆ ದಾರಿ ಕಟ್ಟಿಸುವುದೂ ಪುಣ್ಯಕಾರ್ಯವಾಗಿತ್ತು.

ಇಂದು ಈ ಕಾಡು ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಚೆಂಚು ಸಮುದಾಯದ ನೆಲೆಯೂ ಹೌದು. ಹಬ್ಬದ ದಿನಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯ ಮೇರೆಗೆ ಮಾತ್ರ ಭಕ್ತರಿಗೆ ಪ್ರವೇಶ. ಯುಗಾದಿ ಬರುವುದು ಎಲೆ ಉದುರಿ ಕಾಡು ಒಣಗಿರುವ ಕಾಲದಲ್ಲಿ. ಆರಿಸದೆ ಬಿಟ್ಟ ಒಂದು ಒಲೆ, ಎಸೆದ ಒಂದು ಬೀಡಿ ಸಾಕು, ಬೆಟ್ಟಕ್ಕೆ ಬೆಂಕಿ ಹತ್ತಲು. ಬಿಸಾಡಿದ ನೀರಿನ ಬಾಟಲಿ, ಉಳಿದ ಅನ್ನ ವನ್ಯಮೃಗಗಳಿಗೆ ಕಂಟಕ. ದಾಸೋಹದ ಔದಾರ್ಯವೇ ದಾರಿಗೆ ಭಾರವಾಗಬಾರದು.

ದಾರಿ ಕೆಡುವುದು ಹೇಗೆ?

ಬೆಟ್ಟದ ದಾರಿಗೆ ಕಾಲಿಗಿಂತ ದೊಡ್ಡ ಶತ್ರು ನೀರು. ಸಾವಿರಾರು ಕಾಲುಗಳು ಸಡಿಲಿಸಿದ ಮಣ್ಣನ್ನು ಮುಂದಿನ ಮಳೆ ಕೊಚ್ಚಿಕೊಂಡು ಹೋಗುತ್ತದೆ, ದಾರಿಯೇ ಹಳ್ಳವಾಗುತ್ತದೆ. ನಡೆಯಲಾಗದ ಜನ ಪಕ್ಕದಲ್ಲಿ ಒಳದಾರಿ ಮಾಡಿಕೊಳ್ಳುತ್ತಾರೆ, ಅದೂ ಕೊರೆಯುತ್ತದೆ. ಇದಕ್ಕೆ ಪರಿಹಾರ ಸರಳ: ಇಳಿಜಾರಿಗೆ ಓರೆಯಾಗಿ ಕಲ್ಲು ಹೂಳಿ ನೀರನ್ನು ಪಕ್ಕಕ್ಕೆ ತಿರುಗಿಸುವುದು, ಕಾಲುವೆಯಲ್ಲಿ ತುಂಬಿದ ಮಣ್ಣು ತೆಗೆಯುವುದು, ಅಲುಗಾಡುವ ಮೆಟ್ಟಿಲನ್ನು ಭದ್ರಪಡಿಸುವುದು, ಒಳದಾರಿಗಳನ್ನು ಮುಚ್ಚುವುದು. ದಾರಿಯನ್ನು ಅಗಲಗೊಳಿಸುವುದು, ಮರ ಕಡಿಯುವುದು ರಕ್ಷಣೆಯಲ್ಲ. ಸಂರಕ್ಷಿತ ಅರಣ್ಯದಲ್ಲಿ ಕಲ್ಲು, ಮಣ್ಣು ಮುಟ್ಟುವ ಯಾವ ಕೆಲಸವೂ ಇಲಾಖೆಯ ಒಪ್ಪಿಗೆ ಮತ್ತು ಮಾರ್ಗದರ್ಶನದಲ್ಲಿಯೇ ನಡೆಯತಕ್ಕದ್ದು.

ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನಲ್ಲಿ 14 ರಾಜ್ಯಗಳನ್ನು ಹಾಯುವ ಸುಮಾರು 3,500 ಕಿಲೋಮೀಟರ್ ಕಾಲುದಾರಿಯೊಂದಿದೆ. 1937ರಲ್ಲಿ ಪೂರ್ಣಗೊಂಡ ಈ ದಾರಿಯನ್ನು ಸರ್ಕಾರಿ ಸಂಸ್ಥೆಗಳ ಸಹಕಾರದೊಡನೆ ಸುಮಾರು 30 ಸ್ವಯಂಸೇವಾ ಸಂಘಗಳು ಕಾಪಾಡಿಕೊಂಡು ಬಂದಿವೆ. ಪ್ರತಿ ಸಂಘಕ್ಕೂ ಗೊತ್ತಾದ ಒಂದು ಭಾಗ. ಆ ಭಾಗದ ಹೊಣೆ ಅದರದೇ. ಎಲ್ಲರ ದಾರಿ ಯಾರದೂ ಅಲ್ಲವೆಂಬಂತಾಗದಿರಲು ಈ ಹಂಚಿಕೆಯೇ ಕಾರಣ.

ಕಾಳಜಿ ತಪ್ಪಿದರೆ ಏನಾದೀತು ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಮಿತಿಮೀರಿ ಜನ ಸೇರಿದಾಗ, ಆನ್‌ಲೈನ್ ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ತಲೆಮಾರುಗಳಿಂದ ನಡೆದುಬಂದ ಮಲ್ಲಯ್ಯನ ದಾರಿಗೆ ಅಂಥ ಸ್ಥಿತಿ ಬರಕೂಡದು.

ವರ್ತಕರು ಏನು ಮಾಡಬಹುದು?

ಕೂಡಿ ದುಡಿಯುವುದು ಈ ನೆಲಕ್ಕೆ ಹೊಸದಲ್ಲ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ದಿ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ವಂತಿಗೆ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದರು. ಅದು ‘ಶ್ರಮಬಿಂದು ಸಾಗರ’ವೆಂದು ಹೆಸರಾಯಿತು. ಬ್ಯಾರೇಜ್ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಗೇಟು ಹಾಕುವ, ತೆಗೆಯುವ, ಸೋರಿಕೆ ತಡೆಯುವ ಕೆಲಸ ವರ್ಷವರ್ಷವೂ ಇದ್ದೇ ಇರುತ್ತದೆ. ದಾರಿಯೂ ಹಾಗೆಯೇ. ಮಗ್ಗಕ್ಕೆ ಎಣ್ಣೆ ಬಿಡದೆ ಬಟ್ಟೆಯ ನಿರೀಕ್ಷೆ ಮಾಡುವ ಮಾಲೀಕನಿಲ್ಲ.

ಮೊದಲನೆಯದಾಗಿ, ದಾಸೋಹಕ್ಕೆ ಎತ್ತುವ ವಂತಿಗೆಯಲ್ಲಿ ಒಂದು ಪಾಲನ್ನು ದಾರಿಯ ಸ್ವಚ್ಛತೆಗೆಂದು ಆರಂಭದಲ್ಲಿಯೇ ತೆಗೆದಿರಿಸಬೇಕು. ಉಳಿದರೆ ನೋಡೋಣವೆಂದರೆ ಉಳಿಯುವುದಿಲ್ಲ. ಎರಡನೆಯದಾಗಿ, ಬಾಟಲಿ, ಪ್ಲಾಸ್ಟಿಕ್ ಲೋಟಗಳ ಬದಲು ನೀರಿನ ಟ್ಯಾಂಕು, ಸ್ಟೀಲ್ ಲೋಟ, ಮುತ್ತುಗದ ಎಲೆ ಬಳಕೆಯಾಗಬೇಕು. ಸಗಟು ವ್ಯಾಪಾರಿಗಳು ಇವನ್ನು ಒಟ್ಟಾಗಿ ಖರೀದಿಸಿದರೆ ವೆಚ್ಚವೂ ತಗ್ಗುತ್ತದೆ. ಮೂರನೆಯದಾಗಿ, ಸಾಮಗ್ರಿ ಇಳಿಸಿದ ಗಾಡಿ ಖಾಲಿ ಮರಳಬಾರದು. ವ್ಯಾಪಾರದಲ್ಲಿ ಮರುಬಾಡಿಗೆಯ ಬೆಲೆ ಬಲ್ಲವರು ಇಲ್ಲಿಯೂ ಅದನ್ನು ನೆನೆಯಲಿ: ಹೋಗುವಾಗ ಅಕ್ಕಿ, ಜೋಳ, ಬರುವಾಗ ಗೋಣಿಚೀಲದಲ್ಲಿ ಕಸ. ನಾಲ್ಕನೆಯದಾಗಿ, ಯಾತ್ರೆ ಮುಗಿದ ಮೇಲೆ ಒಂದೆರಡು ದಿನ ನಿಲ್ಲುವ ತಂಡವೊಂದು ಬೇಕು. ಒಲೆಗಳು ಆರಿವೆಯೇ, ನೀರಿನ ತಾಣಗಳು ಶುಚಿಯಾಗಿವೆಯೇ ಎಂಬುದನ್ನು ನೋಡಿಯೇ ಆ ತಂಡ ಹೊರಡಬೇಕು. ಕೆಡುತ್ತಿರುವ ಮೆಟ್ಟಿಲುಗಳ ಪಟ್ಟಿ ಮಾಡಿ ಅರಣ್ಯ ಇಲಾಖೆಗೂ ದೇವಸ್ಥಾನಕ್ಕೂ ಒಪ್ಪಿಸಿದರೆ ದುರಸ್ತಿಗೆ ದಾರಿಯಾದೀತು.

ಹೀಗೆ ಒಂದೊಂದು ಊರಿನ ದಾಸೋಹ ಮಂಡಳಿ ಒಂದೊಂದು ತಾಣದ ಹೊಣೆ ಹೊತ್ತರೆ ಅದು ಯಾರಿಗೂ ಹೊರೆಯಾಗದು. ಉಂಡ ಭಕ್ತ ಅಂದಿಗೆ ತೃಪ್ತನಾಗುತ್ತಾನೆ. ಉಳಿದ ದಾರಿ ಮುಂದಿನ ತಲೆಮಾರಿನವರನ್ನೂ ನಡೆಸುತ್ತದೆ. ಈ ಬಾರಿಯ ಯುಗಾದಿಯ ಲೆಕ್ಕದ ಪುಸ್ತಕದಲ್ಲಿ ದಾರಿಯ ಹೆಸರಿನಲ್ಲಿಯೂ ಒಂದು ಖಾತೆ ತೆರೆಯುವುದು ಉಚಿತ.