ಅಮ್ಮ ದೀಪ ಹಚ್ಚೋದು ನಿಲ್ಲಿಸಿದ ಮೇಲೆ: ದೇವರನ್ನ ಯಾಕೆ ನಂಬ್ತೀವಿ, ಯಾಕೆ ಬಿಡ್ತೀವಿ?

ಈ ಸಲದ ಪ್ರಶ್ನೆ ಸ್ವಲ್ಪ ದೊಡ್ಡದು. ಜನ ದೇವರನ್ನ ಯಾಕೆ ನಂಬ್ತಾರೆ? ಕೆಲವರು ಯಾಕೆ ನಂಬಲ್ಲ? ದೇವರು ಇದ್ದಾನಾ ಇಲ್ವಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ನಾನು ಕೈ ಹಾಕಲ್ಲ. ಬಿ.ಕಾಂ. ಓದಿದವನ ಕೈಲಿ ಆಗೋ ಕೆಲಸವೂ ಅಲ್ಲ ಅದು.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದಿದ್ದಲ್ಲ. 2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ. ನನ್ನ ಸೋದರಮಾವ ಐಸಿಯುನಲ್ಲಿದ್ರು. ಅಮ್ಮನಿಗೆ ಇದ್ದ ಒಬ್ಬನೇ ತಮ್ಮ. ಅಮ್ಮ ಹಳದಿ ಬಟ್ಟೆಯಲ್ಲಿ 101 ರೂಪಾಯಿ ಕಟ್ಟಿ ಮನೆದೇವರಿಗೆ ಮುಡಿಪು ಇಟ್ಟಳು. ಹನ್ನೊಂದನೇ ದಿನ ಮಾವ ಹೋಗಿಬಿಟ್ರು. ಸೂತಕ ಕಳೆದ ಮೇಲೆ ದೇವರ ಮನೆ ಬಾಗಿಲು ತೆಗೀತಾಳೆ ಅಂದ್ಕೊಂಡಿದ್ವಿ. ತೆಗೀಲಿಲ್ಲ. ಆವತ್ತಿಂದ ಇವತ್ತಿನವರೆಗೂ ಅಮ್ಮ ದೀಪ ಹಚ್ಚಿಲ್ಲ.

ಇನ್ನೊಂದು ಕಡೆ ಅಪ್ಪ. ದೇವಸ್ಥಾನಕ್ಕೆ ಹೋದ್ರೆ ಹೊರಗೆ ಸ್ಕೂಟರ್ ಹತ್ರ ನಿಂತು ಎಲ್ಲರ ಚಪ್ಪಲಿ ಕಾಯ್ತಿದ್ದ ಮನುಷ್ಯ. ಮಾವ ಹೋದ ಮೇಲೆ ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗೋಕೆ ಶುರು ಮಾಡಿದ್ರು. ಒಂದೇ ಮನೆ, ಒಂದೇ ಸಾವು. ಒಬ್ಬರ ನಂಬಿಕೆ ಹೋಯ್ತು, ಇನ್ನೊಬ್ಬರಿಗೆ ಬಂತು. ನಾನು ಮೊದಲಿಂದಲೂ ನಂಬದವನು. ಸುಮ್ನೆ ನಡುವೆ ನಿಂತು ನೋಡ್ತಿದ್ದೆ.

ಮೊದಲು ಒಂದು ಸುಲಭದ ಉತ್ತರವನ್ನ ಪಕ್ಕಕ್ಕಿಡೋಣ. ‘ಓದಿದವರು ನಂಬಲ್ಲ, ಓದದವರು ನಂಬ್ತಾರೆ’ ಅನ್ನೋದು. 2023ರಲ್ಲಿ ಚಂದ್ರಯಾನ-3 ಹಾರೋದಕ್ಕೆ ಹಿಂದಿನ ದಿನ ಇಸ್ರೋ ವಿಜ್ಞಾನಿಗಳ ತಂಡ ನೌಕೆಯ ಪುಟ್ಟ ಮಾದರಿ ಹಿಡ್ಕೊಂಡು ತಿರುಪತಿಗೆ ಹೋಗಿತ್ತು. ಅವರಿಗಿಂತ ಜಾಸ್ತಿ ಓದಿದವರನ್ನ ಎಲ್ಲಿಂದ ತರೋದು? ಪ್ಯೂ ಸಂಶೋಧನಾ ಕೇಂದ್ರ ಸುಮಾರು 30,000 ಭಾರತೀಯರನ್ನ ಮಾತಾಡಿಸಿ 2021ರಲ್ಲಿ ವರದಿ ಕೊಟ್ಟಿತು. ದೇವರನ್ನ ನಂಬ್ತೀವಿ ಅಂದವರು ಶೇ. 97. ಅದರಲ್ಲಿ ಇನ್ನೊಂದು ಸ್ವಾರಸ್ಯ ಇದೆ: ಬೌದ್ಧರಲ್ಲಿ ಮೂರನೇ ಒಂದು ಭಾಗದಷ್ಟು ಜನ ನಂಬಲ್ಲ ಅಂದ್ರು. ಅಂದ್ರೆ ಧರ್ಮ ಇಟ್ಕೊಂಡೂ ದೇವರಿಲ್ಲದೆ ಬದುಕಬಹುದು.

ಹಾಗಾದ್ರೆ ನಂಬಿಕೆ ಎಲ್ಲಿಂದ ಬರುತ್ತೆ? ನನಗೆ ಹೆಚ್ಚು ಒಪ್ಪಿಗೆಯಾದ ಸುಳಿವು ಮೀನುಗಾರರದ್ದು. ಮೊದಲ ಮಹಾಯುದ್ಧದ ಹೊತ್ತಲ್ಲಿ ಮಲಿನೋವ್ಸ್ಕಿ ಅನ್ನೋ ಮಾನವಶಾಸ್ತ್ರಜ್ಞ ಪಪುವಾ ನ್ಯೂಗಿನಿ ಕಡೆಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದ್ದ. ಅಲ್ಲಿನ ಜನ ಎರಡು ಥರ ಮೀನು ಹಿಡೀತಿದ್ರು. ದಡದ ಒಳಗಿನ ಶಾಂತ ನೀರಲ್ಲಿ ಅಪಾಯ ಇಲ್ಲ, ಮೀನು ಸಿಗೋದೂ ಖಾತ್ರಿ. ಅಲ್ಲಿ ಮಂತ್ರ ಇಲ್ಲ, ತಂತ್ರ ಇಲ್ಲ. ತೆರೆದ ಸಮುದ್ರಕ್ಕೆ ಹೋದ್ರೆ ಮಾತ್ರ ಉದ್ದುದ್ದ ಆಚರಣೆಗಳು. ಜನ ಅವರೇ, ಬುದ್ಧಿಯೂ ಅದೇ. ವ್ಯತ್ಯಾಸ ಇದ್ದಿದ್ದು ನೀರಲ್ಲಿ.

ಇದನ್ನ ಓದಿದಾಗ ನನಗೆ ನಮ್ಮ ಕರಾವಳಿ ನೆನಪಾಯ್ತು. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮತ್ತೆ ಕಡಲಿಗೆ ಇಳಿಯೋ ಕಾಲದಲ್ಲಿ, ನೂಲ ಹುಣ್ಣಿಮೆ ದಿನ, ಮೊಗವೀರರು ಸಮುದ್ರ ಪೂಜೆ ಮಾಡಿ ಹಾಲೆರೆದು ತೆಂಗಿನಕಾಯಿ ಬಿಡ್ತಾರೆ. ಬೋಟಲ್ಲಿ ಜಿಪಿಎಸ್ ಇದೆ, ಮೊಬೈಲಲ್ಲಿ ಹವಾಮಾನ ಇಲಾಖೆ ಎಚ್ಚರಿಕೆನೂ ಬರುತ್ತೆ. ಆದ್ರೂ ಕಡಲು ಕಡಲೇ. ನಮ್ಮ ಕೈ ಎಲ್ಲಿವರೆಗೆ ಚಾಚುತ್ತೋ ಅಲ್ಲಿವರೆಗೆ ನಾವೇ ನೋಡ್ಕೋತೀವಿ, ಅದರಾಚೆ ಯಾರನ್ನಾದ್ರೂ ಕರೀತೀವಿ. ಸಿಎ ಪರೀಕ್ಷೆ ಬರೆದವರನ್ನ ಕೇಳಿ. ಗುರುವಾರ ರಾಯರ ಮಠದ ಕ್ಯೂನಲ್ಲಿ ನಾನೇ ಎಷ್ಟು ಜನ ಕ್ಲಾಸ್‌ಮೇಟ್ಸ್ ನೋಡಿದ್ದೀನಿ! ಅದೇ ಹುಡುಗರು ಬಿ.ಕಾಂ. ಇಂಟರ್ನಲ್ಸ್‌ಗೆ ಯಾವತ್ತೂ ಹೋಗಿರಲಿಲ್ಲ.

ದೊಡ್ಡ ಲೆಕ್ಕದಲ್ಲೂ ಇದೇ ಕಾಣುತ್ತೆ. ಡೆನ್ಮಾರ್ಕ್, ಸ್ವೀಡನ್ ಥರದ ದೇಶಗಳಲ್ಲಿ ಚಿಕಿತ್ಸೆ, ಪಿಂಚಣಿ, ಕೆಲಸ ಹೋದ್ರೆ ಭತ್ಯೆ ಎಲ್ಲ ಗಟ್ಟಿ ಇದೆ. ಅಲ್ಲಿ ನಂಬಿಕೆ ಸದ್ದಿಲ್ಲದೆ ಸವೆದಿದೆ. ಯಾರೂ ಬಂದು ವಾದ ಮಾಡಿ ಸೋಲಿಸಿದ್ದಲ್ಲ.

ವಾದ ಅಂದಾಗ ನನ್ನ ಕಥೆ ಹೇಳ್ಬೇಕು. ಕಾಲೇಜಲ್ಲಿದ್ದಾಗ ನಾನು ಭಾರೀ ವಾದಿ. ಅಮ್ಮನ ಮೇಲೆ ಪ್ರಯೋಗಿಸೋಕೆ ಒಂದು ಗ್ರೀಕ್ ಕಥೆ ಇಟ್ಕೊಂಡಿದ್ದೆ. ಡಯಾಗೊರಸ್ ಅನ್ನೋ ನಾಸ್ತಿಕನಿಗೆ ಯಾರೋ ದೇವಸ್ಥಾನದಲ್ಲಿದ್ದ ಹರಕೆ ಚಿತ್ರಗಳನ್ನ ತೋರಿಸಿದ್ರಂತೆ: ನೋಡು, ಇವರೆಲ್ಲ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟು ಬದುಕಿ ಬಂದವರು. ಅವನು ಕೇಳಿದ: ಸರಿ, ಮುಳುಗಿ ಹೋದವರ ಚಿತ್ರ ಎಲ್ಲಿದೆ? ರೋಮನ್ ಲೇಖಕ ಸಿಸೆರೊ ಇದನ್ನ ಬರೆದಿಟ್ಟು 2,000 ವರ್ಷದ ಮೇಲಾಯ್ತು. ನನಗಂತೂ ಇದು ಅಕೌಂಟ್ಸ್ ಪಾಠ. ಹರಕೆ ಫಲಿಸಿದ್ದನ್ನ ಪುಸ್ತಕಕ್ಕೆ ಏರಿಸ್ತೀವಿ, ಫಲಿಸದ್ದಕ್ಕೆ ಎಂಟ್ರಿನೇ ಹಾಕಲ್ಲ. ಇಂಥ ಲೆಡ್ಜರ್ ಯಾವ ಆಡಿಟರ್ ಪಾಸ್ ಮಾಡ್ತಾನೆ?

ಗೆದ್ದೆ ಅಂದ್ಕೊಂಡು ಹೇಳಿದೆ. ಅಮ್ಮ ಸೊಪ್ಪು ಬಿಡಿಸ್ತಾ ಕೂತಿದ್ದಳು, ತಲೆನೂ ಎತ್ತಲಿಲ್ಲ. ‘ಮುಳುಗಿದವರ ಮನೆಯವರೂ ಮಾರನೇ ವರ್ಷ ಪೂಜೆ ಮಾಡ್ತಾರೆ ಕಣೋ’ ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ.

1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಸುದ್ದಿ ದೇಶವೆಲ್ಲ ಹಬ್ಬಿದಾಗ ಅಮ್ಮನೂ ಚಮಚ ಹಿಡ್ಕೊಂಡು ಸಾಲಲ್ಲಿ ನಿಂತವಳೇ. ಆಮೇಲೆ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿಟ್ಟು ತೋರಿಸಿದ್ರು: ಮೇಲ್ಮೈ ಸೆಳೆತದಿಂದ ಹಾಲು ಚಮಚ ಬಿಟ್ಟು ಮೂರ್ತಿ ಮೇಲೆ ತೆಳ್ಳಗೆ ಹರಿದು ಕೆಳಗಿಳಿಯುತ್ತೆ. ಅಮ್ಮ ಅದನ್ನ ಆರಾಮಾಗಿ ಒಪ್ಪಿಕೊಂಡಳು. ಹಾಲಿನ ಮೇಲಿನ ನಂಬಿಕೆ ಹೋಯ್ತು, ಗಣೇಶನ ಮೇಲಿನದು ಇದ್ದಲ್ಲೇ ಇತ್ತು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷಿಸೋಕೆ ಸಮಿತಿ ಮಾಡಿದ್ರಲ್ಲ, ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ. ಪವಾಡದ ಹೆಸರಲ್ಲಿ ಮೋಸ ಆಗೋದು ನಿಲ್ಲಬೇಕಾದ್ರೆ ಯಾರಾದ್ರೂ ಹಾಗೆ ಕೇಳಲೇಬೇಕು. ಆದ್ರೆ ಬಹಳ ಮನೆಗಳಲ್ಲಿ ದೇವರು ಪವಾಡದ ಕಂಬದ ಮೇಲೆ ನಿಂತಿರಲ್ಲ. ಹಾಗಾಗಿ ಆ ಕಂಬ ಬಿದ್ರೂ ದೇವರು ಬೀಳಲ್ಲ.

ಮತ್ತೆ ಯಾವುದರ ಮೇಲೆ ನಿಂತಿದೆ? ಜೋಸೆಫ್ ಹೆನ್ರಿಕ್ ಅನ್ನೋ ಸಂಶೋಧಕ 2009ರಲ್ಲಿ ಒಂದು ವಿವರಣೆ ಕೊಟ್ಟರು. ಮಕ್ಕಳು ದೊಡ್ಡವರ ಮಾತನ್ನ ಅಷ್ಟು ಬೇಗ ನಂಬಲ್ಲ. ಆ ಮಾತಿಗಾಗಿ ದೊಡ್ಡವರು ಏನು ಕಷ್ಟಪಡ್ತಾರೆ ಅಂತ ನೋಡ್ತಾರೆ. ಶಿವರಾತ್ರಿಗೆ ಇಡೀ ದಿನ ಹಸಿದಿರೋದು, ಬರಿಗಾಲಲ್ಲಿ ಧರ್ಮಸ್ಥಳಕ್ಕೆ ನಡೆಯೋದು, ತಲೆಗೂದಲು ಕೊಡೋದು. ಇಷ್ಟೆಲ್ಲ ಮಾಡ್ತಾರೆ ಅಂದ್ರೆ ಏನೋ ಇರಬೇಕು ಅಂತ ಮಗುವಿನ ಮನಸ್ಸು ಲೆಕ್ಕ ಹಾಕುತ್ತೆ. ಇದರ ತಿರುವುಮುರುವೂ ನಿಜ. 2021ರಲ್ಲಿ ಅಮೆರಿಕದವರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಯಾರು ನಂಬಲ್ಲ ಅನ್ನೋದನ್ನ ಚೆನ್ನಾಗಿ ಊಹಿಸಿದ್ದು ಅವರ ತರ್ಕಶಕ್ತಿ ಅಲ್ಲ, ಚಿಕ್ಕಂದಿನಲ್ಲಿ ಇಂಥದ್ದನ್ನ ಎಷ್ಟು ಕಡಿಮೆ ನೋಡಿದ್ರು ಅನ್ನೋದು. ಇದನ್ನ ಓದಿ ನನ್ನ ಜಂಬ ಸ್ವಲ್ಪ ಇಳೀತು. ಯೋಚನೆ ಮಾಡಿ ನಾಸ್ತಿಕನಾದೆ ಅಂದ್ಕೊಂಡಿದ್ದೆ. ಅಮ್ಮನ ಉಪವಾಸದ ಜೊತೆಗೆ ಅಪ್ಪನ ಚಪ್ಪಲಿ ಕಾವಲನ್ನೂ ನೋಡ್ಕೊಂಡು ಬೆಳೆದಿದ್ದಕ್ಕೆ ಹೀಗಾದೆನೋ ಏನೋ.

ಈಗ ನಮ್ಮ ಮನೆಗೆ ವಾಪಸ್. 2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಭೂಕಂಪ ಆಯ್ತು, 185 ಜನ ಸತ್ತರು. ಅಲ್ಲಿನ ಸಂಶೋಧಕರು ದೇಶದ ಸಾವಿರಾರು ಜನರನ್ನ ಭೂಕಂಪಕ್ಕೆ ಮುಂಚೆನೇ, 2009ರಲ್ಲಿ, ಮಾತಾಡಿಸಿದ್ರು. ಆಮೇಲೆ ಮತ್ತೆ ಅವರನ್ನೇ ಕೇಳಿದ್ರು. ಇಂಥ ಅವಕಾಶ ಅಪರೂಪ. ಉಳಿದ ಕಡೆ ನಂಬಿಕೆ ಇಳೀತಿತ್ತು, ಭೂಕಂಪ ತಟ್ಟಿದವರಲ್ಲಿ ಮಾತ್ರ ಏರಿತ್ತು. ಅಲ್ಲಿಗೆ ಅಪ್ಪ ಅರ್ಥವಾದ್ರು. ಹೊಸದಾಗಿ ನಂಬಿದವರ ಆರೋಗ್ಯ ಏನೂ ಸುಧಾರಿಸಿರಲಿಲ್ಲ. ಆದ್ರೆ ಭೂಕಂಪ ತಟ್ಟಿ, ಇದ್ದ ನಂಬಿಕೆಯನ್ನ ಕಳ್ಕೊಂಡವರು ತಮ್ಮ ಆರೋಗ್ಯ ಕುಸಿದಿದೆ ಅಂತ ಹೇಳಿದ್ರು.

ಆ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಯಾವುದು ಕಾರಣ, ಯಾವುದು ಪರಿಣಾಮ ಅಂತ ಅಷ್ಟರಿಂದಲೇ ಹೇಳೋಕಾಗಲ್ಲ, ನಿಜ. ಜಾಸ್ತಿ ನೊಂದವರೇ ನಂಬಿಕೆ ಬಿಟ್ಟಿರಬಹುದು. ಆದ್ರೆ ಈ ಮೂರ್ನಾಲ್ಕು ವರ್ಷದಲ್ಲಿ ಅಮ್ಮ ಸೊರಗಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ನಿದ್ದೆ ಸರಿಯಾಗಿ ಬರಲ್ಲ, ಶುಕ್ರವಾರ ಅಂದ್ರೆ ಏನೂ ಅನ್ಸಲ್ಲ. ದೀಪ ಅಂದ್ರೆ ಬರೀ ದೇವರಲ್ಲ. ಬೆಳಗ್ಗೆ ಏಳೋಕೆ ಕಾರಣ, ಹೂ ಮಾರೋಳ ಜೊತೆ ಎರಡು ಮಾತು, ಅಕ್ಕಪಕ್ಕದವರ ಅರಿಶಿನ ಕುಂಕುಮ, ಎಲ್ಲ ಒಟ್ಟಿಗೆ ಹೋಯ್ತು. ದೇವರನ್ನ ಬೈಯೋದು ನಮ್ಮಲ್ಲಿ ಹೊಸದಲ್ಲ, ದಾಸರು ನಿಂದಾಸ್ತುತಿ ಅಂತ ಅದಕ್ಕೊಂದು ದಾರಿನೇ ಮಾಡಿದ್ರು. ಬೈಯೋರು ಮಾತಾದ್ರೂ ಆಡ್ತಾರೆ. ಅಮ್ಮ ಮಾತೇ ಬಿಟ್ಟಿದ್ದಾಳೆ.

ಹಾಗಾಗಿ ದೇವರನ್ನ ನಂಬದ ನಾನೇ, ಅಮ್ಮ ಮತ್ತೆ ದೀಪ ಹಚ್ಚಲಿ ಅಂತ ಕಾಯ್ತಿದ್ದೀನಿ. ಇದನ್ನ ರೆಕಾರ್ಡ್ ಮಾಡೋಕೆ ಮುಂಚೆ, ನಿನ್ನ ವಿಷಯ ಹೇಳ್ಲಾ ಅಂತ ಕೇಳಿದೆ. ‘ಹೇಳ್ಕೋ, ಅದರಲ್ಲೇನಿದೆ’ ಅಂದಳು. ಯಾಕೆ ನಿಲ್ಲಿಸಿದೆ ಅಂತಾನೂ ಕೇಳಿದೆ. ‘ಜೀವನದಲ್ಲಿ ಒಂದೇ ಒಂದು ಸಲ ಕೇಳಿದ್ದೆ. ಇನ್ನೇನು ಮಾತು’ ಅಂತ ಒಳಗೆ ಹೋದಳು.

ಮುಡಿಪಿನ ಗಂಟು ಇನ್ನೂ ದೇವರ ಮನೆಯಲ್ಲೇ ಇದೆ, ಯಾರೂ ಬಿಚ್ಚಿಲ್ಲ. ಶನಿವಾರ ಅಲ್ಲಿ ಅಪ್ಪನೇ ದೀಪ ಹಚ್ತಾರೆ. ಅವರಿಗೆ ಬತ್ತಿ ಹೊಸೆಯೋಕೆ ಬರಲ್ಲ. ಶುಕ್ರವಾರ ರಾತ್ರಿ ಟಿವಿ ನೋಡ್ತಾ ನೋಡ್ತಾ ಅಮ್ಮನೇ ಹತ್ತಿ ತಗೊಂಡು ಹೊಸೆದು, ಒಂದು ತಟ್ಟೆಯಲ್ಲಿ ಹಾಕಿ, ದೇವರ ಮನೆ ಹೊಸ್ತಿಲ ಹೊರಗೆ ಇಟ್ಟು ಮಲಗ್ತಾಳೆ.