ಗುಲಾಬಿ ಇಲ್ಲದ ಸಸ್ಯೋದ್ಯಾನ

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಪ್ರತಿ ವಸಂತಕ್ಕೂ ಫ್ಲೋರಿಯಾಡ್ ಎಂಬ ಹೂವಿನ ಜಾತ್ರೆ ನಡೆಯುತ್ತದೆ. ಯುರೋಪಿನಿಂದ ಬಂದ ಟ್ಯೂಲಿಪ್ ಹೂಗಳನ್ನು ನೋಡಲು ಜನ ಮುಗಿಬೀಳುತ್ತಾರೆ. ಅದೇ ಊರಿನ ಬ್ಲ್ಯಾಕ್ ಮೌಂಟನ್ ಬೆಟ್ಟದ ಇಳಿಜಾರಿನಲ್ಲಿ ಇನ್ನೊಂದು ತೋಟವಿದೆ. ಅಲ್ಲಿ ಟ್ಯೂಲಿಪ್ ಇಲ್ಲ, ಗುಲಾಬಿ ಇಲ್ಲ, ಡೇಲಿಯಾ ಕೂಡ ಇಲ್ಲ. ಆಸ್ಟ್ರೇಲಿಯಾದ ನೆಲದಲ್ಲಿ ತಾನಾಗಿ ಹುಟ್ಟಿ ಬೆಳೆದ ಗಿಡಗಳಿಗೆ ಮಾತ್ರ ಅಲ್ಲಿ ಜಾಗ. ಆಸ್ಟ್ರೇಲಿಯನ್ ನ್ಯಾಷನಲ್ ಬೊಟಾನಿಕ್ ಗಾರ್ಡನ್ಸ್ ಎಂಬ ಆ ಸಂಸ್ಥೆಯ ಹೆಗ್ಗಳಿಕೆಯೇ ಈ ಕಟ್ಟುನಿಟ್ಟು.

ನಮ್ಮ ಲಾಲ್‌ಬಾಗ್ ಬೆಳೆದದ್ದು ಪರದೇಶದ ಗಿಡಮರಗಳನ್ನು ತರಿಸಿ ಪಳಗಿಸುತ್ತ. ಹಿಂದಿನ ಕಾಲದ ಸಸ್ಯೋದ್ಯಾನಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ. ಕ್ಯಾನ್‌ಬೆರಾದವರು ಹಿಡಿದದ್ದು ಉಲ್ಟಾ ದಾರಿ. 1949ರಲ್ಲಿ ಪ್ರಧಾನಿ ಬೆನ್ ಚಿಫ್ಲಿ ಮತ್ತು ಲಂಡನ್ನಿನ ಕ್ಯೂ ಉದ್ಯಾನದ ನಿರ್ದೇಶಕ ಎಡ್ವರ್ಡ್ ಸಾಲಿಸ್‌ಬರಿ ಇಲ್ಲಿ ಮೊದಲ ಸಸಿಗಳನ್ನು ನೆಟ್ಟರು. ಇಪ್ಪತ್ತೊಂದು ವರ್ಷ ಕಾದು, ಗಿಡಗಳು ಮರವಾದ ಮೇಲೆ, 1970ರಲ್ಲಿ ಪ್ರಧಾನಿ ಜಾನ್ ಗಾರ್ಟನ್ ವಿಧಿವತ್ತಾಗಿ ಉದ್ಘಾಟಿಸಿದರು.

ಒಂದೇ ಬೆಟ್ಟದಲ್ಲಿ ಇಡೀ ಖಂಡ

ಕ್ಯಾನ್‌ಬೆರಾದ ಹವೆ ಒಣ. ಚಳಿಗಾಲದ ಬೆಳಗುಗಳಲ್ಲಿ ನೆಲದ ಮೇಲೆ ಹಿಮ ಕಟ್ಟುತ್ತದೆ. ಇಂಥ ಕಡೆ ಕ್ವೀನ್ಸ್‌ಲ್ಯಾಂಡಿನ ಮಳೆಕಾಡು ಬೆಳೆಸುವುದೆಂದರೆ ಹುಡುಗಾಟವಲ್ಲ. ತೋಟದವರು ಬೆಟ್ಟದ ಒಂದು ಒಣ ಕೊರಕಲನ್ನು ಆರಿಸಿಕೊಂಡು, ಮೊದಲು ನೆರಳು ಕೊಡುವ ಮರಗಳನ್ನು ಎಬ್ಬಿಸಿ, ಆಮೇಲೆ ನೀರನ್ನು ಮಂಜಿನಂತೆ ಸಿಂಪಡಿಸುವ ಕೊಳವೆಗಳನ್ನು ಹಾಕಿದರು. ಈಗ ಅಲ್ಲಿ ಟಾಸ್ಮೇನಿಯಾದಿಂದ ಕ್ವೀನ್ಸ್‌ಲ್ಯಾಂಡಿನವರೆಗಿನ ಮಳೆಕಾಡಿನ ಸಸ್ಯಗಳು ಪಾಚಿ, ಜರಿಗಿಡಗಳ ನಡುವೆ ನೆಲೆಯೂರಿವೆ. ಅದನ್ನು ದಾಟಿ ಸ್ವಲ್ಪ ನಡೆದರೆ ಕೆಂಪು ಮರಳಿನ ರೆಡ್ ಸೆಂಟರ್ ಗಾರ್ಡನ್. ಖಂಡದ ನಡುಮಧ್ಯದ ಮರುಭೂಮಿಯ ಗಿಡಗಳಿಗಾಗಿ ಇದನ್ನು 2013ರಲ್ಲಿ ತೆರೆದರು. ಇನ್ನೊಂದು ಕಡೆ ಹುಲ್ಲಿನ ಬಯಲಿನ ಮೇಲೆ ಹಲವು ಬಗೆಯ ನೀಲಗಿರಿ ಮರಗಳು. ನಾವು ನೀಲಗಿರಿ ಎಂದು ಒಂದೇ ಹೆಸರಿನಲ್ಲಿ ಮುಗಿಸುವ ಆ ಮರಕ್ಕೆ ಅದರ ತವರಿನಲ್ಲಿ ಎಂಟುನೂರರಷ್ಟು ಪ್ರಭೇದಗಳು, ಅಕೇಶಿಯಾಕ್ಕೆ ಸಾವಿರದಷ್ಟು.

ಉದ್ಯಾನ ನಿಂತಿರುವುದು ನುನ್ನವಲ್ ಎಂಬ ಮೂಲನಿವಾಸಿಗಳ ನೆಲದಲ್ಲಿ. ಈ ಖಂಡದಲ್ಲಿ ಮನುಷ್ಯರು ಐವತ್ತು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಬಾಳುತ್ತಿದ್ದಾರೆ. 1788ರಲ್ಲಿ ಬ್ರಿಟಿಷರು ಬಂದಿಳಿದಾಗ ಇಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಂದೊಂದು ಭಾಷೆಯ ಜನಕ್ಕೂ ತಮ್ಮ ನೆಲದ ಗಿಡಗಳ ಪರಿಚಯ ಬೇರೆ, ಬಳಕೆ ಬೇರೆ. ಈ ತಿಳಿವಳಿಕೆಯನ್ನು ಹೇಳಿಕೊಡುವ ಫಲಕಗಳನ್ನು ಉದ್ಯಾನ ತನ್ನ ಕಾಲುದಾರಿಗಳಲ್ಲಿ ನಿಲ್ಲಿಸಿದೆ. ಸಸ್ಯಶಾಸ್ತ್ರದ ಗಂಧವಿಲ್ಲದವರಿಗೂ ತೋಟ ರುಚಿಸುವುದು ಇಲ್ಲಿಂದಲೇ.

ಅಂಗಡಿ, ಅಡುಗೆಮನೆ, ಔಷಧಿ ಪೆಟ್ಟಿಗೆ

ಲೊಮಾಂಡ್ರಾ ನೋಡಲು ಬರೀ ಹುಲ್ಲಿನ ಕುಚ್ಚು. ಅದರ ಉದ್ದನೆಯ ಗಟ್ಟಿ ಎಲೆಗಳನ್ನು ಸೀಳಿ ಹೆಂಗಸರು ಬುಟ್ಟಿ, ಚೀಲ ಹೆಣೆಯುತ್ತಿದ್ದರು. ಎಲೆಯ ಬುಡದ ಬಿಳಿ, ಎಳೆಯ ಭಾಗ ತಿನ್ನಲು ಬರುತ್ತಿತ್ತು. ಪಕ್ಕದ ಗ್ರಾಸ್ ಟ್ರೀ ಇನ್ನೂ ಉಪಕಾರಿ. ಕಪ್ಪು ಮೋಟು ಕಾಂಡ, ಮೇಲೆ ಹುಲ್ಲಿನ ಜುಟ್ಟು, ನಡುವಿನಿಂದ ಎದ್ದ ನೀಳವಾದ ಹೂಗೊನೆ. ಹೂವನ್ನು ನೀರಲ್ಲಿ ನೆನೆಸಿದರೆ ಸಿಹಿ ಪಾನಕ. ಒಣಗಿದ ಹೂದಂಟು ಈಟಿಯ ಹಿಡಿ. ಅದನ್ನೇ ಇನ್ನೊಂದು ಕಡ್ಡಿಯಿಂದ ಮಥಿಸಿದರೆ ಬೆಂಕಿ. ಕಾಂಡದಿಂದ ಸಿಗುವ ರಾಳ ಬಿಸಿಯಲ್ಲಿ ಕರಗಿ, ಆರಿದಾಗ ಕಲ್ಲಾಗುತ್ತದೆ. ಈಟಿಯ ಮೊನೆಯನ್ನು ಕೋಲಿಗೆ ಕೂಡಿಸಲು ಅದೇ ಅಂಟು. ಗಿಡ ಬೆಳೆಯುವುದು ಮಾತ್ರ ಬಹಳ ನಿಧಾನ. ಆಳೆತ್ತರ ಬರಲು ತಲೆಮಾರುಗಳೇ ಬೇಕು.

ನೀಲಗಿರಿಯನ್ನು ನಾವು ಎಣ್ಣೆ, ಸೌದೆ, ಕಾಗದಗಳಲ್ಲಿ ಅಳೆಯುತ್ತೇವೆ. ಮರ್ರೆ ನದಿಯ ದಂಡೆಯ ಜನ ರಿವರ್ ರೆಡ್ ಗಮ್ ಎಂಬ ಜಾತಿಯ ತೊಗಟೆಯನ್ನು ಒಂದೇ ಹಾಳೆಯಾಗಿ ಬಿಡಿಸಿ ದೋಣಿ ಮಾಡುತ್ತಿದ್ದರು. ಮರ ಸಾಯುತ್ತಿರಲಿಲ್ಲ. ತೊಗಟೆ ತೆಗೆದ ಕಡೆ ದೋಣಿಯ ಆಕಾರದ ಗಾಯದ ಗುರುತು ಉಳಿಯುತ್ತಿತ್ತು, ಅಷ್ಟೆ. ಅಂಥ ಮರಗಳು ಈಗಲೂ ಅಲ್ಲಲ್ಲಿ ನಿಂತಿವೆ. ಅವನ್ನು ಪರಂಪರೆಯ ಕುರುಹಾಗಿ ಕಾಪಾಡಲಾಗುತ್ತಿದೆ. ನ್ಯೂ ಸೌತ್ ವೇಲ್ಸ್‌ನ ಉತ್ತರ ಕರಾವಳಿಯ ಬುಂಜಲುಂಗ್ ಜನ ಗಾಯಕ್ಕೆ, ನೆಗಡಿಗೆ ಬಳಸುತ್ತಿದ್ದ ಎಲೆ ಇಂದು ಟೀ ಟ್ರೀ ಆಯಿಲ್ ಹೆಸರಿನಲ್ಲಿ ನಮ್ಮ ಮೆಡಿಕಲ್ ಶಾಪಿಗೂ ಬಂದಿದೆ.

ತಿನ್ನುವುದರಲ್ಲಿ ಗೆಡ್ಡೆಗೇ ಮೊದಲ ಮಣೆ. ಆಗ್ನೇಯ ಆಸ್ಟ್ರೇಲಿಯಾದ ಹುಲ್ಲುಗಾವಲುಗಳಲ್ಲಿ ಮರ್ನಾಂಗ್ ಎಂಬ ಹಳದಿ ಹೂವಿನ ಪುಟ್ಟ ಗಿಡ ಹೇರಳವಾಗಿತ್ತು. ಹೆಂಗಸರು ಚೂಪು ಕೋಲಿನಿಂದ ಅಗೆದು ಗೆಡ್ಡೆ ತೆಗೆಯುತ್ತಿದ್ದರು, ಚಿಕ್ಕವನ್ನು ಮಣ್ಣಲ್ಲೇ ಬಿಡುತ್ತಿದ್ದರು. ಹೀಗೆ ಅಗೆದು ಅಗೆದು ಮಣ್ಣು ಸಡಿಲವಾಗಿ, ಮುಂದಿನ ಬೆಳೆಗೆ ಹದವಾಗುತ್ತಿತ್ತು. 1835ರ ನಂತರ ವಿಕ್ಟೋರಿಯಾ ಪ್ರದೇಶಕ್ಕೆ ಕುರಿಮಂದೆಗಳು ನುಗ್ಗಿದವು. ಕುರಿಗಳು ಗೆಡ್ಡೆಯನ್ನೂ ಬಿಡಲಿಲ್ಲ. ಅವುಗಳ ಗೊರಸಿಗೆ ಸಿಕ್ಕಿ ಮಣ್ಣು ಗಟ್ಟಿಯಾಯಿತು. ಕೆಲವೇ ವರ್ಷಗಳಲ್ಲಿ ಒಂದು ನಾಡಿನ ಮುಖ್ಯ ಆಹಾರವೇ ಇಲ್ಲವಾಯಿತು.

ಹೊಟ್ಟೆ ತುಂಬಿಯೂ ಸತ್ತವರು

ಗಿಡವನ್ನು ಗುರುತಿಸಿದರೆ ಸಾಲದು, ಅದನ್ನು ಬಳಸುವ ಬಗೆಯೂ ಗೊತ್ತಿರಬೇಕು. ಇದಕ್ಕೆ ಆಸ್ಟ್ರೇಲಿಯಾದ ಚರಿತ್ರೆಯಲ್ಲಿ ಎರಡು ಪಾಠಗಳಿವೆ.

ಮೊದಲನೆಯದು 1770ರದು. ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗು ದುರಸ್ತಿಗೆಂದು ಉತ್ತರ ಕ್ವೀನ್ಸ್‌ಲ್ಯಾಂಡಿನ ನದಿಯೊಂದರ ಬಾಯಲ್ಲಿ ನಿಂತಿತ್ತು. ಸೈಕಡ್ ಗಿಡದ ಕಾಯಿಗಳ ಸಿಪ್ಪೆ ಮೂಲನಿವಾಸಿಗಳ ಒಲೆಯ ಬಳಿ ಬಿದ್ದದ್ದನ್ನು ಕಂಡ ನಾವಿಕರು ತಾವೂ ತಿಂದು ವಾಂತಿಭೇದಿಗೆ ಸಿಕ್ಕಿದರು. ಹಡಗಿನ ಹಂದಿಗಳು ತಿಂದು ಸತ್ತೇಹೋದವು. ಜೊತೆಗಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಇದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕಾಯಿಯಲ್ಲಿ ವಿಷವಿರುವುದು ಅಲ್ಲಿನವರಿಗೆ ಗೊತ್ತಿತ್ತು. ಅವರು ಅದನ್ನು ಜಜ್ಜಿ, ಹರಿಯುವ ನೀರಿನಲ್ಲಿ ದಿನಗಟ್ಟಲೆ ಇಟ್ಟು, ವಿಷ ಬಸಿದುಹೋದ ಮೇಲಷ್ಟೇ ಹಿಟ್ಟು ಮಾಡುತ್ತಿದ್ದರು.

ಎರಡನೆಯದು ಇನ್ನೂ ಕರುಣಾಜನಕ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಮೆಲ್ಬರ್ನ್‌ನಿಂದ ಹೊರಟರು. ಮರಳುವಾಗ ಕೂಪರ್ ಕ್ರೀಕ್ ಬಳಿ ದಿನಸಿ ಮುಗಿಯಿತು. ಆ ಸೀಮೆಯ ಯಾಂಡ್ರುವಾಂಧ ಜನ ಅವರಿಗೆ ಮೀನು ಕೊಟ್ಟರು, ನಾರ್ಡೂ ಹಿಟ್ಟಿನ ರೊಟ್ಟಿಯನ್ನೂ ಕೊಟ್ಟರು. ನಾರ್ಡೂ ಎಂದರೆ ನಾಲ್ಕೆಲೆಯ ಒಂದು ನೀರು ಜರಿಗಿಡ. ಅದರ ಹತ್ತಿರದ ಸಂಬಂಧಿ ನಮ್ಮ ಗದ್ದೆಗಳಲ್ಲಿ ಕಳೆಯಾಗಿ ಬೆಳೆಯುತ್ತದೆ. ಕೊಟ್ಟವರೊಡನೆ ಮನಸ್ತಾಪ ಮಾಡಿಕೊಂಡ ಅನ್ವೇಷಕರು ಆಮೇಲೆ ತಾವೇ ನಾರ್ಡೂ ಕಾಯಿ ಆಯ್ದು, ಪುಡಿ ಮಾಡಿ, ಬೇಯಿಸಿ ತಿನ್ನತೊಡಗಿದರು. ಹೊಟ್ಟೆ ತುಂಬುತ್ತಿತ್ತು, ಕಾಲು ಸೋಲುತ್ತಿತ್ತು. 1861ರ ನಡುವಿನ ಹೊತ್ತಿಗೆ ಇಬ್ಬರೂ ತೀರಿಕೊಂಡರು. ನಾರ್ಡೂವಿನಲ್ಲಿ ದೇಹದ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವವಿದೆ. ಸರಿಯಾಗಿ ಹದ ಮಾಡದೆ ತಿಂದದ್ದೇ ಅವರಿಗೆ ಮುಳುವಾಗಿರಬೇಕು ಎನ್ನುತ್ತಾರೆ ಇತ್ತೀಚಿನ ಸಂಶೋಧಕರು. ಜೊತೆಗಿದ್ದ ಜಾನ್ ಕಿಂಗ್ ಯಾಂಡ್ರುವಾಂಧರ ಬಿಡಾರ ಸೇರಿಕೊಂಡ. ಸೆಪ್ಟೆಂಬರಿನಲ್ಲಿ ಹುಡುಕಿಕೊಂಡು ಬಂದವರಿಗೆ ಆತ ಜೀವಂತ ಸಿಕ್ಕಿದ.

ಹೊಗೆಯೂ ಒಂದು ಗೊಬ್ಬರ

ಬೆಂಕಿಯ ವಿಷಯದಲ್ಲಿ ಈ ಸಸ್ಯಗಳ ಸ್ವಭಾವವೇ ಬೇರೆ. ಹಲವು ಬ್ಯಾಂಕ್ಸಿಯಾ ಗಿಡಗಳು ಬೀಜವನ್ನು ಗಟ್ಟಿ ಕಾಯೊಳಗೆ ಮುಚ್ಚಿಟ್ಟುಕೊಂಡು, ಕಾಡಿಗೆ ಬೆಂಕಿ ಬಿದ್ದಾಗಲೇ ಬಾಯಿ ತೆರೆಯುತ್ತವೆ. ಮೂಲನಿವಾಸಿಗಳು ಹವೆ ನೋಡಿ, ಹುಲ್ಲಿನ ಹಸಿ ನೋಡಿ, ಸಣ್ಣ ಸಣ್ಣ ತುಂಡುಗಳಲ್ಲಿ ತಣ್ಣನೆಯ ಬೆಂಕಿ ಹಾಕುತ್ತಿದ್ದರು. ಇದರಿಂದ ಹೊಸ ಚಿಗುರು ಬರುತ್ತಿತ್ತು, ಚಿಗುರಿಗೆ ಕಾಂಗರೂ ಬರುತ್ತಿತ್ತು, ತರಗೆಲೆ ರಾಶಿ ಬಿದ್ದು ಮಹಾ ಕಾಳ್ಗಿಚ್ಚಾಗುವುದೂ ತಪ್ಪುತ್ತಿತ್ತು. ಬೆಂಕಿಯಷ್ಟೇ ಅಲ್ಲ, ಅದರ ಹೊಗೆಯೂ ಹಲವು ಬೀಜಗಳನ್ನು ಎಬ್ಬಿಸುತ್ತದೆ. ಹೊಗೆಯಲ್ಲಿನ ಯಾವ ರಾಸಾಯನಿಕ ಈ ಕೆಲಸ ಮಾಡುತ್ತದೆ ಎಂಬುದನ್ನು ಪಶ್ಚಿಮ ಆಸ್ಟ್ರೇಲಿಯಾದ ವಿಜ್ಞಾನಿಗಳು ಪತ್ತೆ ಮಾಡಿದ್ದು 2004ರಲ್ಲಿ. ಹಟಮಾರಿ ಬೀಜಗಳನ್ನು ಮೊಳಕೆ ಬರಿಸಲು ಹೊಗೆ ಹಾಯಿಸಿದ ನೀರನ್ನು ಬಳಸುವುದು ಈಗ ಅಲ್ಲಿನ ತೋಟಗಾರಿಕೆಯಲ್ಲಿ ಸಾಮಾನ್ಯ. ಅಪರೂಪದ, ಅಳಿವಿನಂಚಿನ ಗಿಡಗಳಿಗಾಗಿ ಕ್ಯಾನ್‌ಬೆರಾ ಉದ್ಯಾನ ಬೀಜ ಬ್ಯಾಂಕನ್ನೇ ನಡೆಸುತ್ತಿದೆ. ಪಕ್ಕದ ರಾಷ್ಟ್ರೀಯ ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಮಾದರಿಗಳು ಹತ್ತು ಲಕ್ಷಕ್ಕೂ ಹೆಚ್ಚು.

ನಮ್ಮ ನೆಂಟರು

ಗಂಧದ ನಾಡಿನವರು ಇಲ್ಲಿ ನೋಡಲೇಬೇಕಾದ್ದು ಕ್ವಾಂಡಾಂಗ್. ಇದು ಶ್ರೀಗಂಧದ ಕುಲಕ್ಕೇ ಸೇರಿದ್ದು. ನಮ್ಮ ಗಂಧದ ಹಾಗೆ ಪಕ್ಕದ ಗಿಡಗಳ ಬೇರಿನಿಂದ ಸಾರ ಹೀರಿಯೇ ಬದುಕುತ್ತದೆ. ಒಣ ಸೀಮೆಯ ಜನ ಇದರ ಕೆಂಪು ಹುಳಿಹಣ್ಣನ್ನು ಹಸಿಯಾಗಿಯೂ ಒಣಗಿಸಿಯೂ ತಿನ್ನುತ್ತಿದ್ದರು. ಅತ್ತ ಪಶ್ಚಿಮ ಆಸ್ಟ್ರೇಲಿಯಾದ ಕುನುನರಾ ಸುತ್ತಮುತ್ತ ನಮ್ಮದೇ ಶ್ರೀಗಂಧದ ದೊಡ್ಡ ತೋಟಗಳು ಎದ್ದಿವೆ. ಉತ್ತರದ ಕಾಕಡು ಪ್ಲಮ್ ನಮ್ಮ ತಾರೆ, ಅಳಲೆ, ಮತ್ತಿ ಮರಗಳ ಕುಲದ್ದು. ಈ ಪುಟ್ಟ ಹಣ್ಣಿನಲ್ಲಿ ಕಿತ್ತಳೆಗಿಂತ ಹತ್ತಾರು ಪಟ್ಟು ಹೆಚ್ಚು ಸಿ ಜೀವಸತ್ವವಿದೆ.

ಇತ್ತ ಕರ್ನಾಟಕಕ್ಕೆ ಬಂದ ಆಸ್ಟ್ರೇಲಿಯಾದ ನೆಂಟರೂ ಕಡಿಮೆಯಿಲ್ಲ. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಓಕ್, ಮಲೆನಾಡಿನ ಗುಡ್ಡಗಳ ಅಕೇಶಿಯಾ, ಬಯಲುಸೀಮೆಯ ನೀಲಗಿರಿ ಎಲ್ಲವೂ ಅಲ್ಲಿಯವೇ. ಅಂತರ್ಜಲದ ಆತಂಕ ಹೆಚ್ಚಿ 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಮರ ತಂದವರು ಬೆಳೆಯುವ ವೇಗವನ್ನಷ್ಟೇ ನೋಡಿದ್ದರು. ಎಷ್ಟು ದೂರಕ್ಕೆ ಒಂದು, ಯಾವ ನೆಲಕ್ಕೆ ಯಾವುದು ಎಂಬ ವಿವೇಕ ಸಸಿಯ ಜೊತೆ ಬರಲಿಲ್ಲ.

ಜ್ಞಾನ ಯಾರ ಸ್ವತ್ತು?

ತಿಳಿವಳಿಕೆ ಬೆಲೆಬಾಳುವಂಥದ್ದಾದಾಗ ಜಗಳವೂ ಹುಟ್ಟುತ್ತದೆ. 2007ರಲ್ಲಿ ವಿದೇಶಿ ಪ್ರಸಾಧನ ಕಂಪನಿಯೊಂದು ಕಾಕಡು ಪ್ಲಮ್ ಸಾರದ ಬಳಕೆಗೆ ಆಸ್ಟ್ರೇಲಿಯಾದಲ್ಲಿ ಪೇಟೆಂಟ್ ಕೇಳಿತು. ಇದು ಪರಂಪರೆಯಿಂದ ಬಂದ ತಿಳಿವಳಿಕೆ ಎಂಬ ಆಕ್ಷೇಪ ಎದ್ದಿತು. ಅರಿಶಿನದ ಮೇಲೆ ಅಮೆರಿಕ ಕೊಟ್ಟಿದ್ದ ಪೇಟೆಂಟನ್ನು ಭಾರತ 1997ರಲ್ಲಿ ರದ್ದು ಮಾಡಿಸಿದ್ದು ನಮಗೆ ನೆನಪಿದೆ. ಆಸ್ಟ್ರೇಲಿಯಾದ ಕಾಡುತಿನಿಸುಗಳು ಇಂದು ದುಬಾರಿ ಹೋಟೆಲುಗಳ ಮೆನುವಿನಲ್ಲಿವೆ, ಆದರೆ ಆ ವ್ಯಾಪಾರದಲ್ಲಿ ಮೂಲನಿವಾಸಿಗಳ ಪಾಲು ತೀರಾ ಅಲ್ಪ. ತೋಟದ ಫಲಕಗಳು ಗಿಡದ ಹೆಸರಿನ ಜೊತೆ ಅದನ್ನು ಬಳಸಿದ ಜನರ ಹೆಸರನ್ನೂ ಹೇಳುವುದರ ಮಹತ್ವ ಇಲ್ಲಿದೆ. ಯಾರದೆಂದು ಒಪ್ಪಿಕೊಂಡ ಮೇಲಲ್ಲವೇ ಪಾಲಿನ ಮಾತು?

ಹೋಗುವವರಿಗೆ: ಉದ್ಯಾನ ಊರಿನ ಆಕ್ಟನ್ ಭಾಗದಲ್ಲಿ, ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಗೆ ಹತ್ತಿರದಲ್ಲಿದೆ. ಪ್ರವೇಶ ಉಚಿತ, ಗಾಡಿ ನಿಲ್ಲಿಸಲು ಮಾತ್ರ ಶುಲ್ಕ. ಕ್ರಿಸ್‌ಮಸ್ ದಿನ ರಜೆ. ಸೆಪ್ಟೆಂಬರ್, ಅಕ್ಟೋಬರ್ ಹೂವಿನ ಕಾಲ. ಇಳಿಜಾರಿನ ದಾರಿಯಾದ್ದರಿಂದ ಗಟ್ಟಿ ಬೂಟು ಒಳ್ಳೆಯದು. ಫಲಕದಲ್ಲಿ ತಿನ್ನಬಹುದೆಂದು ಬರೆದಿದ್ದರೂ ಯಾವ ಕಾಯಿಗೂ ಬಾಯಿ ಹಾಕಬೇಡಿ.